ಮಾಡೆಲ್‌ಗೆ ದುಡ್ಡು ಹಾಕಬೇಕಾ? ವಿಜಯಪುರದ ಒಂದು ಆಸ್ಪತ್ರೆ ಕಟ್ಟಡದ ಪ್ರಕರಣ

ವಿಜಯಪುರದಲ್ಲಿ ಕೆಲವು ಡಾಕ್ಟರುಗಳು ಪಾಲು ಹಾಕಿ ಕಟ್ಟಿಸಿದ 50 ಹಾಸಿಗೆಯ ಆಸ್ಪತ್ರೆಯ ಪ್ರಕರಣ ಇದು. ಕೆಲಸ ಶುರುವಾಗುವ ಮುಂಚೆ ಅವರ ಮುಂದಿದ್ದ ಪ್ರಶ್ನೆ ಒಂದೇ. ಇಡೀ ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡಬೇಕಾ? ಅದಕ್ಕೆ ಲಕ್ಷಗಟ್ಟಲೆ ಕೊಟ್ಟರೆ ಆ ದುಡ್ಡು ತಿರುಗಿ ಬರುತ್ತದಾ? ನಾನು ಮಾಲೀಕರ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಬೆಳಗಾವಿ, ಬಾಗಲಕೋಟೆ ಕಡೆಯ ಮಾಲೀಕರೂ ಈಗ ಇದನ್ನೇ ಕೇಳುತ್ತಾರೆ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಸುಮಾರಾಗಿ ಕೊಟ್ಟಿದ್ದೇನೆ. ತೀರ್ಮಾನಗಳು ಮಾತ್ರ ಆದ ಹಾಗೇ ಇವೆ.

ಹಿನ್ನೆಲೆ

ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಒಟ್ಟು ಸುಮಾರು 30,000 ಚದರ ಅಡಿ. ಸಿವಿಲ್ ಕೆಲಸ, ಎಸಿ, ಲಿಫ್ಟ್, ಆಕ್ಸಿಜನ್ ಲೈನ್ ಎಲ್ಲ ಸೇರಿ ಅಂದಾಜು 9 ಕೋಟಿ. ಅದರಲ್ಲಿ 5 ಕೋಟಿ ಬ್ಯಾಂಕ್ ಸಾಲ. ಆರ್ಕಿಟೆಕ್ಟ್ ಬೆಳಗಾವಿಯವರು, ಸ್ಟ್ರಕ್ಚರಲ್ ಎಂಜಿನಿಯರ್ ಹುಬ್ಬಳ್ಳಿಯವರು, ಎಸಿ ಕನ್ಸಲ್ಟಂಟ್ ಪುಣೆಯವರು, ಕಂಟ್ರಾಕ್ಟರ್ ಮಾತ್ರ ಊರವರು. ಎಲ್ಲರೂ ತಮ್ಮ ತಮ್ಮ ಡ್ರಾಯಿಂಗನ್ನು ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಒಬ್ಬರ ಡ್ರಾಯಿಂಗ್ ಇನ್ನೊಬ್ಬರು ತೆಗೆದು ನೋಡಿದ್ದು ಕಡಿಮೆ.

ಪಾಲುದಾರರಲ್ಲಿ ಹಿರಿಯರಾದ ಸರ್ಜನ್ ಒಬ್ಬರು ಹಿಂದೆ ಒಂದು ನರ್ಸಿಂಗ್ ಹೋಮ್ ಕಟ್ಟಿಸಿದ್ದರು. ಅಲ್ಲಿ ಸ್ಲ್ಯಾಬ್ ಹಾಕಿದ ಮೇಲೆ ಪೈಪಿಗೆ ದಾರಿ ಇಲ್ಲ ಅಂತ ಗೊತ್ತಾಗಿ, ಕೋರ್ ಕಟಿಂಗ್ ಮಷಿನ್ ತಂದು ತೂತು ಹೊಡೆದದ್ದೇ ಹೊಡೆದದ್ದು. ಓಟಿಯ (ಆಪರೇಷನ್ ಥಿಯೇಟರಿನ) ಸೀಲಿಂಗ್ ಎಷ್ಟು ತಗ್ಗಾಯಿತೆಂದರೆ ಆಪರೇಷನ್ ಲೈಟಿನ ತೋಳು ಅವರ ತಲೆಗೆ ತಾಗುತ್ತಿತ್ತು. ಈ ಸಲ ಹಾಗಾಗಬಾರದು ಅನ್ನೋದು ಅವರ ಹಟ.

ಅದೇ ಹೊತ್ತಿಗೆ ಒಂದು ಸಂಸ್ಥೆಯಿಂದ ಪ್ರಸ್ತಾವ ಬಂತು. ಇಡೀ ಕಟ್ಟಡದ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಅಂದರೆ ಬಿಐಎಂ, ತುಂಬಾ ಸೂಕ್ಷ್ಮ ಮಟ್ಟದಲ್ಲಿ. ಜೊತೆಗೆ ಕೆಲಸದ ವೇಳಾಪಟ್ಟಿ ಜೋಡಿಸಿದ 4ಡಿ, ಖರ್ಚು ಜೋಡಿಸಿದ 5ಡಿ. ಒಟ್ಟು 12 ಲಕ್ಷ, ಮೇಲೆ ಶೇ. 18 ಜಿಎಸ್‌ಟಿ. ಬ್ರಿಟನ್ ಸರ್ಕಾರ 2016ರಿಂದ ತನ್ನ ಕೇಂದ್ರೀಯ ಯೋಜನೆಗಳಿಗೆ ಬಿಐಎಂ ಕಡ್ಡಾಯ ಮಾಡಿದ್ದು, ನಾಗ್ಪುರ ಮೆಟ್ರೋ 5ಡಿ ಬಿಐಎಂ ಬಳಸಿದ್ದು, ಎರಡನ್ನೂ ಅವರು ಉದಾಹರಣೆಗೆ ಕೊಟ್ಟರು. ಎರಡೂ ನಿಜ. ಆದರೆ ಮೆಟ್ರೋಗೆ ಲಾಭವಾಗಿದ್ದು 50 ಹಾಸಿಗೆಯ ಆಸ್ಪತ್ರೆಗೂ ಅಷ್ಟೇ ಲಾಭ ಅಂತ ಅದರಿಂದ ಸಾಬೀತಾಗುವುದಿಲ್ಲ, ಅಲ್ವಾ?

ಹೊಸಬರಿಗಾಗಿ ಒಂದು ಮಾತು. ಮಾಮೂಲಿ ಡ್ರಾಯಿಂಗಿನಲ್ಲಿ ಬೀಮ್ ಅಂದರೆ ಎರಡು ಗೆರೆ. ಬಿಐಎಂ ಮಾಡೆಲಿನಲ್ಲಿ ಅದೊಂದು ವಸ್ತು. ಅದರ ಅಗಲ, ಆಳ, ಮಟ್ಟ, ಕಾಂಕ್ರೀಟಿನ ಗ್ರೇಡ್ ಎಲ್ಲ ಅದರೊಳಗೇ ಇರುತ್ತವೆ. ಹಾಗಾಗಿ ಎಸಿ ಡಕ್ಟ್, ಅಂದರೆ ಗಾಳಿ ಒಯ್ಯುವ ಕೊಳವೆ, ಆ ಬೀಮನ್ನು ಸೀಳಿಕೊಂಡು ಹೋದರೆ ಸಾಫ್ಟ್‌ವೇರೇ ತೋರಿಸುತ್ತದೆ. ಎಷ್ಟು ವಿವರ ತುಂಬಬೇಕು ಅನ್ನೋದಕ್ಕೆ ಎಲ್‌ಒಡಿ ಅನ್ನೋ ಅಳತೆ ಇದೆ. 200 ಅಂದರೆ ಸುಮಾರು ಆಕಾರ. 300 ಅಂದರೆ ಸರಿಯಾದ ಅಳತೆ, ಸರಿಯಾದ ಜಾಗ. 350 ಅಂದರೆ ಪಕ್ಕದ ವಸ್ತುವಿಗೆ ಹೇಗೆ ಕೂಡುತ್ತದೆ, ಯಾವುದರ ಮೇಲೆ ಕೂರುತ್ತದೆ ಅನ್ನೋದೂ ಸೇರಿ. 400 ಅಂದರೆ ಅದನ್ನು ನೋಡಿ ವರ್ಕ್‌ಶಾಪಿನಲ್ಲಿ ತಯಾರಿಸಬಹುದಾದಷ್ಟು ವಿವರ. ಮೆಟ್ಟಿಲು ಏರಿದಂತೆ ದುಡ್ಡೂ ಏರುತ್ತದೆ.

ಪಾಲುದಾರರಲ್ಲಿ ಎರಡು ಪಂಗಡ ಆಯಿತು. "ಈ ರೊಕ್ಕಕ್ಕ ಒಂದು ಸೋನೋಗ್ರಫಿ ಮಷಿನ್ ಬರ್ತೈತ್ರಿ" ಅಂದರು ಕಿರಿಯರೊಬ್ಬರು. ಕಂಟ್ರಾಕ್ಟರ್ ಇನ್ನೂ ನೇರವಾಗಿ ಹೇಳಿದರು: "ಸಾಹೇಬ್ರ, ಟೈಮಿಗೆ ಡ್ರಾಯಿಂಗ್ ಕೊಡ್ರಿ, ಸಾಕು. ಬಾಕಿ ನಾವು ನೋಡ್ಕೋತೀವಿ."

ಹೇಗೆ ತೂಗಿದೆವು

"ಮಾಡೆಲ್ ಬೇಕಾ ಬೇಡವಾ" ಅಂತ ಚರ್ಚೆ ಮಾಡಿದಷ್ಟೂ ಅದು ಮುಗಿಯುತ್ತಿರಲಿಲ್ಲ. ಕಟ್ಟಡವನ್ನು ಭಾಗ ಮಾಡಿ ಕೇಳಿಕೊಂಡಾಗ ದಾರಿ ಕಂಡಿತು. ಈ ಭಾಗದಲ್ಲಿ ಏನು ತಪ್ಪಾಗಬಹುದು? ಕಾಂಕ್ರೀಟ್ ಆದ ಮೇಲೆ ಅದನ್ನು ಸರಿ ಮಾಡಲು ಎಷ್ಟಾಗುತ್ತದೆ? ಮಾಡೆಲ್ ಇಲ್ಲದೆ ಬೇರೆ ಅಗ್ಗದ ದಾರಿಯಲ್ಲಿ ಅದು ಸಿಕ್ಕಿಬೀಳುತ್ತದಾ?

ವಾರ್ಡುಗಳಲ್ಲಿ ಒಂದೇ ಥರದ ಕೋಣೆ ಮತ್ತೆ ಮತ್ತೆ ಬರುತ್ತದೆ, ಸ್ಪ್ಲಿಟ್ ಎಸಿ ಸಾಕು. ತಪ್ಪಾದರೂ ಗೋಡೆ ಕೊರೆದು ಮುಗಿಸಬಹುದು. ಅಲ್ಲಿ ಮಾಡೆಲಿಗೆ ಕೆಲಸವೇ ಇಲ್ಲ. ಓಟಿ ಮತ್ತು ಐಸಿಯು ಹಾಗಲ್ಲ. ದೊಡ್ಡ ಡಕ್ಟ್, ಆಕ್ಸಿಜನ್ ತಾಮ್ರದ ಪೈಪು, ಕೇಬಲ್ ಟ್ರೇ, ಫೈರ್ ಲೈನ್ ಎಲ್ಲವೂ ಒಂದೇ ಸೀಲಿಂಗಿನೊಳಗೆ ಜಾಗಕ್ಕೆ ಕಿತ್ತಾಡುತ್ತವೆ. ಟಾಯ್ಲೆಟ್ ಪೈಪುಗಳು ಇಳಿಯುವ ಶಾಫ್ಟ್ ಕೂಡ ಅಂಥದ್ದೇ. ಅಡಿಪಾಯದ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಡವಾದರೆ ಏನು ಬೆಲೆ ಅನ್ನೋದನ್ನೂ ಲೆಕ್ಕ ಹಾಕಿದೆವು. 5 ಕೋಟಿ ಸಾಲಕ್ಕೆ ವರ್ಷಕ್ಕೆ ಶೇ. 10 ಅಂತ ಹಿಡಿದರೆ 50 ಲಕ್ಷ ಬಡ್ಡಿ. ತಿಂಗಳಿಗೆ 4 ಲಕ್ಷದ ಮೇಲೆ. ಆದರೆ ಸಾಲ ಒಂದೇ ಸಲ ಎತ್ತುವುದಿಲ್ಲ, ಹಂತ ಹಂತವಾಗಿ ಎತ್ತುತ್ತಾರೆ. ಅಡಿಪಾಯದ ಹೊತ್ತಿಗೆ ಒಂದು ತಿಂಗಳು ನಿಂತರೆ ಹೋಗುವುದು ಸ್ವಲ್ಪ. ಫಿನಿಶಿಂಗ್ ಹೊತ್ತಿಗೆ ನಿಂತರೆ ಪೂರ್ತಿ ಬಡ್ಡಿ ಓಡುತ್ತಿರುತ್ತದೆ, ಆಸ್ಪತ್ರೆಯಿಂದ ಒಂದು ರೂಪಾಯಿಯೂ ಬಂದಿರುವುದಿಲ್ಲ. ಮಾಡೆಲಿಗಾಗಿ ಮುಂಚೆಯೇ ಕೆಲವು ವಾರ ಕಾಯುವುದು ಆ ಲೆಕ್ಕದಲ್ಲಿ ಅಗ್ಗ. ಪಾಲುದಾರರ ಮನಸ್ಸು ಬದಲಾಗಿದ್ದು ಈ ಒಂದು ಲೆಕ್ಕದಿಂದ.

ಕೊನೆಗೆ ಒಪ್ಪಿದ್ದು ಹೀಗೆ. ಕಟ್ಟಡದ ಕಾಲಂ, ಬೀಮ್, ಸ್ಲ್ಯಾಬ್, ಗೋಡೆ ಎಲ್ಲ 300ರ ಮಟ್ಟದಲ್ಲಿ. ಓಟಿ–ಐಸಿಯು, ಶಾಫ್ಟುಗಳು, ಟೆರೇಸಿನ ಮಷಿನರಿ ಮಾತ್ರ 350ರಲ್ಲಿ. 4ಡಿ, 5ಡಿ ಬೇಡ. ಖರ್ಚು 5 ಲಕ್ಷ, ಜಿಎಸ್‌ಟಿ ಸೇರಿ 5.9 ಲಕ್ಷ. ಎರಡು ಷರತ್ತು ಹಾಕಿದೆವು. ಒಂದು, ಯಾವ ಸಾಫ್ಟ್‌ವೇರಿನಲ್ಲೂ ತೆರೆಯಬಹುದಾದ ಐಎಫ್‌ಸಿ ಫೈಲ್ ಕೊಡಬೇಕು, ನಾಳೆ ಬೇರೆಯವರ ಹತ್ತಿರ ಹೋದರೂ ಕೆಲಸಕ್ಕೆ ಬರಬೇಕು. ಎರಡು, ಪ್ರತಿ ಕಂತಿನ ಹಣ ಆಯಾ ಮಹಡಿಯ ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆ ಕಟ್ಟುವುದು) ಶುರುವಾಗುವ ಮುಂಚೆ ಮಾಡೆಲ್ ಕೈಗೆ ಬಂದರೆ ಮಾತ್ರ. ಸ್ಲ್ಯಾಬ್ ಹಾಕಿದ ಮೇಲೆ ಬರುವ ಮಾಡೆಲ್ ಬರೀ ಫೋಟೋ ಇದ್ದಂಗೆ.

ಓಟಿ ಎಲ್ಲಿರಬೇಕು?

ಮೊದಲ ಮಾಡೆಲ್ ಬಂದಾಗ ಅಡಿಪಾಯದ ಗುಂಡಿ ಇನ್ನೂ ತೋಡಿರಲಿಲ್ಲ. ಸಾಫ್ಟ್‌ವೇರ್ ಸಾವಿರಕ್ಕೂ ಜಾಸ್ತಿ ಕ್ಲ್ಯಾಶ್, ಅಂದರೆ ಒಂದು ವಸ್ತು ಇನ್ನೊಂದಕ್ಕೆ ಅಡ್ಡ ಬರುವ ಜಾಗ, ತೋರಿಸಿತು. ಪಾಲುದಾರರು ಗಾಬರಿಯಾದರು. ಗಾಬರಿಯಾಗುವಂಥದ್ದಲ್ಲ ಅದು. ಪೈಪು ಇಟ್ಟಿಗೆ ಗೋಡೆ ದಾಟಿದರೂ ಒಂದು ಕ್ಲ್ಯಾಶ್, ಡಕ್ಟಿನ ಇನ್ಸುಲೇಶನ್ ಹ್ಯಾಂಗರಿಗೆ ಸವರಿದರೂ ಒಂದು ಕ್ಲ್ಯಾಶ್. ಕುಳಿತು ಮೂರು ಪಾಲು ಮಾಡಿದೆವು: ಕಾಂಕ್ರೀಟಿಗೆ ಮುಂಚೆ ತೀರ್ಮಾನ ಆಗಲೇಬೇಕಾದ್ದು, ಆಮೇಲೆ ಸೈಟಿನಲ್ಲೇ ಸರಿಹೋಗುವಂಥದ್ದು, ಲೆಕ್ಕಕ್ಕಿಲ್ಲದ್ದು. ಮೊದಲ ಪಾಲಿನಲ್ಲಿ ಉಳಿದದ್ದು ಕೈಬೆರಳೆಣಿಕೆಯ ವಿಷಯಗಳು. ಅದರಲ್ಲಿ ಒಂದು ಮಾತ್ರ ದೊಡ್ಡದು.

ಓಟಿ ಎರಡನೇ ಮಹಡಿಯಲ್ಲಿತ್ತು. ಮಹಡಿಯಿಂದ ಮಹಡಿಗೆ 3.6 ಮೀಟರ್. ಬೀಮಿನ ಆಳ, ಸ್ಲ್ಯಾಬ್ ಸೇರಿ, 600 ಮಿ.ಮೀ. ಹಾಗಾದರೆ ಬೀಮಿನ ತಳದಿಂದ ನೆಲಕ್ಕೆ 3 ಮೀಟರ್. ಅದರ ಕೆಳಗೆ ಡಕ್ಟ್, ಇನ್ಸುಲೇಶನ್, ಹ್ಯಾಂಗರ್ ಸೇರಿ ಅರ್ಧ ಮೀಟರ್ ಹೋಗುತ್ತದೆ. ಉಳಿದದ್ದು 2.5 ಮೀಟರ್. ಸರ್ಜನ್ ಕೇಳಿದ್ದು 3 ಮೀಟರ್ ಎತ್ತರದ ಸೀಲಿಂಗ್. ಡಕ್ಟ್ ಸಣ್ಣದು ಮಾಡೋಣ ಅಂದರೆ ಆಗದು. ಓಟಿಯಲ್ಲಿ ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗಬೇಕು, ಅಷ್ಟು ಗಾಳಿಗೆ ಅಷ್ಟು ದೊಡ್ಡ ಡಕ್ಟೇ ಬೇಕು. ಬೀಮಿನಲ್ಲಿ ತೂತು ಬಿಡಿ ಅಂದಿದ್ದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಲಿಲ್ಲ. ಒಪ್ಪಬಾರದು ಕೂಡ.

ಎಲ್ಲರಿಗೂ ಹೊಳೆದ ಸುಲಭ ಉತ್ತರ: ಆ ಒಂದು ಮಹಡಿಯನ್ನು ಅರ್ಧ ಮೀಟರಿನಷ್ಟು ಎತ್ತರಿಸಿ. ಅಲ್ಲೇ ಸಿಕ್ಕಿಹಾಕಿಕೊಳ್ಳುವ ಅಪಾಯ ಇತ್ತು. ನಾಲ್ಕು ಮಹಡಿಗೆ 14.4 ಮೀಟರ್, ಪ್ಲಿಂತ್ (ನೆಲದಿಂದ ಮೇಲೆತ್ತಿದ ಕಟ್ಟೆ) 0.45, ಒಟ್ಟು 14.85. ಇನ್ನು 0.45 ಏರಿಸಿದರೆ 15.3 ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದು ಹೈರೈಸ್, ಅಂದರೆ ಎತ್ತರದ ಕಟ್ಟಡ. ಅಲ್ಲಿಂದ ಅಗ್ನಿ ಸುರಕ್ಷೆಯ ಬೇಡಿಕೆಗಳೇ ಬೇರೆ. ನೀರಿನ ಟ್ಯಾಂಕ್, ಪಂಪು ದೊಡ್ಡದಾಗುತ್ತವೆ, ಅಗ್ನಿಶಾಮಕ ಗಾಡಿ ಓಡಾಡಲು ಸುತ್ತ ಜಾಗ ಬಿಡಬೇಕು. ನಮ್ಮ ನಿವೇಶನದಲ್ಲಿ ಅಷ್ಟು ಜಾಗವೇ ಇರಲಿಲ್ಲ.

ಮೂರನೇ ದಾರಿ ತೋರಿಸಿದ್ದು ಎಸಿ ಕನ್ಸಲ್ಟಂಟ್. ಓಟಿ, ಐಸಿಯು ಎರಡನ್ನೂ ಎಲ್ಲಕ್ಕಿಂತ ಮೇಲಿನ ಮಹಡಿಗೆ ಒಯ್ಯಿರಿ. ಗಾಳಿ ಕಳಿಸುವ ಯಂತ್ರ ಟೆರೇಸಿನ ಮೇಲಿರಲಿ. ಡಕ್ಟ್ ಸೀಲಿಂಗಿನ ಕೆಳಗೆ ಅಡ್ಡ ಓಡುವ ಬದಲು ಸ್ಲ್ಯಾಬಿನ ಮೂಲಕ ನೇರ ಕೆಳಗೆ ಇಳಿಯಲಿ. ಟೇಬಲ್ಲಿನ ಮೇಲೆ ಬರುವ ಗಾಳಿಪೆಟ್ಟಿಗೆಯನ್ನು ಎರಡು ಬೀಮುಗಳ ನಡುವಿನ ಗೂಡಿನಲ್ಲಿ ಕೂರಿಸೋಣ. 600ರಲ್ಲಿ ಸ್ಲ್ಯಾಬಿನ 150 ಕಳೆದರೆ ಅಲ್ಲಿ 450 ಮಿ.ಮೀ. ಸಿಗುತ್ತದೆ. ಇದಕ್ಕೆ ಓಟಿಯ ನಡುವೆ ಹಾಯ್ದಿದ್ದ ಒಂದು ಸೆಕೆಂಡರಿ ಬೀಮನ್ನು ಪಕ್ಕಕ್ಕೆ ಸರಿಸಬೇಕಿತ್ತು. ಮಾಡೆಲಿನಲ್ಲಿ ಸರಿಸಿ ನೋಡಿದೆವು. ಹುಬ್ಬಳ್ಳಿಯಿಂದ ಹೊಸ ಡಿಸೈನ್ ಬಂತು. ಪೆಟ್ಟಿಗೆ ಕೂತಿತು.

ಇದು ಪುಕ್ಕಟೆ ಆಗಲಿಲ್ಲ. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ನೇರ ಓಟಿಯ ತಲೆಯ ಮೇಲೆ ಬೀಳುತ್ತದೆ. ಟೆರೇಸಿಗೆ ಇನ್ಸುಲೇಶನ್ ಹಾಕಬೇಕಾಯಿತು. ಸ್ಲ್ಯಾಬಿನ ಪ್ರತಿ ತೂತಿನ ಸುತ್ತ ಮಳೆನೀರು ಇಳಿಯದಂತೆ ಕಾಂಕ್ರೀಟ್ ಕಟ್ಟೆ ಕಟ್ಟಬೇಕಾಯಿತು. ಅರಿವಳಿಕೆ ಡಾಕ್ಟರ್ ಒಬ್ಬರು ಎಲ್ಲಕ್ಕಿಂತ ಮುಖ್ಯವಾದ ಮಾತೆತ್ತಿದರು: ಬೆಂಕಿ ಬಿದ್ದರೆ ಐಸಿಯು ರೋಗಿಗಳನ್ನು ಮೂರು ಮಹಡಿ ಇಳಿಸುವುದು ಹೇಗೆ? ಅದಕ್ಕಾಗಿ ಆ ಮಹಡಿಯನ್ನು ಫೈರ್ ಡೋರ್ ಇಟ್ಟು ಎರಡು ಭಾಗ ಮಾಡಿದೆವು. ಒಂದು ಕಡೆ ಹೊಗೆ ತುಂಬಿದರೆ ರೋಗಿಯನ್ನು ಹಾಸಿಗೆ ಸಮೇತ ಅದೇ ಮಹಡಿಯ ಇನ್ನೊಂದು ಕಡೆಗೆ ತಳ್ಳಿಕೊಂಡು ಹೋಗಬಹುದು. ಎಲ್ಲ ಸೇರಿ ಸುಮಾರು 4 ಲಕ್ಷ ಹೆಚ್ಚಿಗೆ ಬಿತ್ತು.

ಗೌಂಡಿ ಕೇಳಿದ ಅಳತೆ

ಮಾಡೆಲಿನಲ್ಲಿ ಸರಿ ಇದ್ದದ್ದು ಸೈಟಿಗೆ ಇಳಿಯಬೇಕಲ್ಲ. ಮೊದಲ ಸ್ಲ್ಯಾಬಿನ ಹೊತ್ತಿಗೆ ಮಾಡೆಲನ್ನು ಟ್ಯಾಬಿನಲ್ಲಿ ಹಾಕಿ ಕೊಟ್ಟಿದ್ದರು. ಬಿಸಿಲಿಗೆ ಪರದೆಯೇ ಕಾಣುತ್ತಿರಲಿಲ್ಲ. ಯಾರೂ ಮುಟ್ಟಲಿಲ್ಲ. ಆಮೇಲೆ ಪ್ರಿಂಟ್ ಕೊಟ್ಟೆವು. ಸ್ಲೀವ್, ಅಂದರೆ ಪೈಪು ದಾಟಲು ಕಾಂಕ್ರೀಟಿನಲ್ಲಿ ಮೊದಲೇ ಬಿಡುವ ತೂತು, ಎಲ್ಲೆಲ್ಲಿ ಅನ್ನೋದು ಅದರಲ್ಲಿತ್ತು. ಹಿರಿಯ ಗೌಂಡಿ ಅದನ್ನು ಕಂಬಿ ಕಟ್ಟಿದ ಸ್ಲ್ಯಾಬಿನ ಮೇಲೆ ಹಾಸಿ, ಸುಮಾರು ಹೊತ್ತು ನೋಡಿ ಕೇಳಿದರು:

"ಸರ, ಇದರಾಗ ಅಳತಿ ಕಾಲಮಿನ ನಡು ಗೆರಿಯಿಂದ ಕೊಟ್ಟಾರ. ನಡು ಗೆರಿ ಕಾಂಕ್ರೀಟಿನ ಒಳಗ ಐತಿ. ನಾ ಟೇಪು ಎಲ್ಲಿ ಹಿಡೀಲ್ರಿ? ಕಾಲಮಿನ ಮುಖದಿಂದ ಕೊಡ್ರಿ."

"ಹೌದ್ರಿ ಕಾಕಾ, ಮುಖದಿಂದನ ಕೊಡಸ್ತೀನಿ," ಅಂದೆ.

ಅವತ್ತಿನಿಂದ ಪ್ರತಿ ಸ್ಲ್ಯಾಬಿಗೆ ಒಂದು ಎ3 ಹಾಳೆ ತಯಾರಾಯಿತು. ಅದರಲ್ಲಿ ಸ್ಲೀವ್ ಬಿಟ್ಟು ಬೇರೇನೂ ಇಲ್ಲ. ಪ್ಲಂಬಿಂಗಿಗೆ ನೀಲಿ, ಎಸಿಗೆ ಹಸಿರು, ಕರೆಂಟಿಗೆ ಕೆಂಪು. ಅಳತೆ ಎಲ್ಲ ಹತ್ತಿರದ ಕಾಲಮಿನ ಮುಖದಿಂದ, ಎರಡು ದಿಕ್ಕಿಗೆ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಗೌಂಡಿ, ಪ್ಲಂಬರ್, ಸೈಟ್ ಎಂಜಿನಿಯರ್ ಮೂವರೂ ಆ ಹಾಳೆ ಹಿಡಿದು ಒಂದೊಂದೇ ಸ್ಲೀವ್ ಟಿಕ್ ಮಾಡುತ್ತಿದ್ದರು. ಮಾಡೆಲಿಗೆ ಕೊಟ್ಟ ದುಡ್ಡು ಸೈಟಿನಲ್ಲಿ ಕೆಲಸ ಮಾಡಿದ್ದು ಆ ಹಾಳೆಯ ಮೂಲಕ. ಅದಿಲ್ಲದಿದ್ದರೆ ಎಂಥ ಮಾಡೆಲ್ ಇದ್ದರೂ ಸುಮ್ನೆ ಆಫೀಸಿನಲ್ಲೇ ಉಳಿಯುತ್ತಿತ್ತು ಅಂತ ನನಗೆ ಖಾತ್ರಿ.

ಶಾಫ್ಟಿನದ್ದೂ ಒಂದು ಹೇಳಬೇಕು. 110 ಮಿ.ಮೀ. ಪೈಪಿಗೆ 40ಕ್ಕೆ 1ರಂತೆ ಇಳಿಜಾರು ಕೊಟ್ಟರೆ 4.8 ಮೀಟರ್ ಓಟಕ್ಕೆ 120 ಮಿ.ಮೀ. ಇಳಿಯುತ್ತದೆ. ಮೇಲಿಂದ ನೋಡುವ ಪ್ಲಾನಿನಲ್ಲಿ ಈ ಇಳಿಕೆ ಕಾಣುವುದೇ ಇಲ್ಲ. ಮಾಡೆಲಿನಲ್ಲಿ ಆ ಪೈಪು ನೆಲಮಹಡಿಯ ಲಾಬಿ ಬೀಮಿಗೆ ಹೋಗಿ ಗುದ್ದಿದ್ದು ಕಂಡಿತು. ಶಾಫ್ಟನ್ನು ಒಂದು ಕಾಲಮಿನಷ್ಟು ಆಚೆ ಸರಿಸಿದೆವು.

ಮಾಡೆಲ್ ಕೈಕೊಟ್ಟ ಕಡೆ

ಮೊದಲನೆಯದು ನೆಲದೊಳಗೆ. ನಮ್ಮ ಕಡೆ ಮೇಲೆ ಎರೆ ಮಣ್ಣು, ಅದರ ಕೆಳಗೆ ಮುರುಮು, ಅದರ ಕೆಳಗೆ ಕರಿಕಲ್ಲು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಫೂಟಿಂಗ್ (ಕಾಲಮಿನ ಬುಡದ ಕಾಂಕ್ರೀಟ್ ಪಾದ) ಕೂರಿಸುವಂತಿಲ್ಲ. ಮಾಡೆಲಿನಲ್ಲಿ ಎಲ್ಲ ಫೂಟಿಂಗೂ ಒಂದೇ ಆಳದಲ್ಲಿದ್ದವು. ತೋಡಿದಾಗ ಒಂದು ಮೂಲೆಯಲ್ಲಿ ಬೇಗ ಕಲ್ಲು ಸಿಕ್ಕಿತು, ಎದುರಿನ ಮೂಲೆಯಲ್ಲಿ ಅದರ ಎರಡರಷ್ಟು ಇಳಿದರೂ ಗಟ್ಟಿ ಮುರುಮು ಸಿಗಲಿಲ್ಲ. ಮಾಡೆಲ್ ಕೊಟ್ಟ ಅಡಿಪಾಯದ ಲೆಕ್ಕ ಪೂರ್ತಿ ಬದಲಾಯಿತು. ನಾವು ಹೇಳಿದ್ದನ್ನಷ್ಟೇ ಮಾಡೆಲ್ ತಿಳಿದಿರುತ್ತದೆ. ಇಲ್ಲಿ ದುಡ್ಡು ಹಾಕಬೇಕಾದ್ದು ಮಣ್ಣು ನೋಡಲು ಮೊದಲೇ ತೋಡುವ ಇನ್ನೂ ಕೆಲವು ಟ್ರಯಲ್ ಗುಂಡಿಗಳಿಗೆ.

ಎರಡನೆಯದು ಬಿಲ್ಲಿನ ಜಗಳ. ಪ್ಲಾಸ್ಟರ್ ಬಿಲ್ಲನ್ನು ಮಾಡೆಲಿನ ಲೆಕ್ಕದ ಜೊತೆ ಹೋಲಿಸಿದಾಗ ಕಂಟ್ರಾಕ್ಟರ್ ಬರೆದದ್ದು ಜಾಸ್ತಿ ಬಂತು. ಪಾಲುದಾರರಿಗೆ ಅನುಮಾನ, ಕಂಟ್ರಾಕ್ಟರಿಗೆ ಸಿಟ್ಟು. ಕಾರಣ ಬೇರೆಯೇ ಇತ್ತು. ಅಳತೆಯ ಮಾನಕ ಐಎಸ್ 1200ರ ಪ್ರಕಾರ ಪ್ಲಾಸ್ಟರಿನಲ್ಲಿ 0.5 ಚದರ ಮೀಟರ್‌ವರೆಗಿನ ತೂತು ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್ ಒಳಗಿದ್ದರೆ ಒಂದು ಮುಖ ಮಾತ್ರ ಕಳೆಯಬೇಕು. ಬದಿಗಳಿಗೆ ಬಳಿಯುವ ಪ್ಲಾಸ್ಟರಿಗೆ ಅದು ಸರಿದೂಗುತ್ತದೆ. ಮಾಡೆಲ್ ಮಾತ್ರ ಪ್ರತಿ ಕಿಟಕಿ, ಬಾಗಿಲನ್ನು ಎರಡೂ ಕಡೆ ಪೂರ್ತಿ ಕಳೆದಿತ್ತು. ಕಂಟ್ರಾಕ್ಟರ್ ಲೆಕ್ಕವೇ ಸರಿ. ಅವರ ಮೇಲೆ ಸುಮ್ನೆ ಅನುಮಾನ ಬಿದ್ದದ್ದು ನನಗೆ ಬೇಜಾರಾಯಿತು. ಮಾಡೆಲಿನ ಅಳತೆ ಬಿಲ್ಲಿಗೆ ಆಧಾರ ಆಗಬೇಕಾದರೆ ಯಾವ ನಿಯಮದಂತೆ ಅಳೆಯುತ್ತೀರಿ ಅನ್ನೋದು ಮೊದಲೇ ಕರಾರಿನಲ್ಲಿ ಬರಬೇಕು.

ಮೂರನೆಯದು ದುಬಾರಿಯಾಯಿತು. ಆಕ್ಸಿಜನ್ ಲೈನ್, ಫೈರ್ ಲೈನ್ ಹಾಕುವವರನ್ನು ಪಾಲುದಾರರು ರೇಟು ಚೌಕಾಶಿ ಮಾಡುತ್ತಾ ತಡವಾಗಿ ನೇಮಿಸಿದರು. ಅಲ್ಲಿಯವರೆಗೆ ಮಾಡೆಲಿನಲ್ಲಿ ಅವು ಬರೀ ಅಂದಾಜಿನ ಗೆರೆಗಳು. ನಿಜವಾದ ಸಾಮಾನು ಬಂದಾಗ ಅಳತೆ ಬೇರೆ. ಅಷ್ಟರಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೂಡ ಕೇಬಲ್ ಟ್ರೇ ದಾರಿ ಬದಲಿಸಿದ್ದರು. ಮಾಡೆಲ್ ತಿದ್ದುವುದು ಯಾರ ಕೆಲಸ ಅಂತ ಯಾವ ಕರಾರಿನಲ್ಲೂ ಇರಲಿಲ್ಲ. ತಿದ್ದಲಿಲ್ಲ. ನೆಲಮಹಡಿಯ ಕಾರಿಡಾರಿನಲ್ಲಿ ಹಾಕಿದ್ದ ಫಾಲ್ಸ್ ಸೀಲಿಂಗ್ ಬಿಚ್ಚಿ ಮತ್ತೆ ಹಾಕಬೇಕಾಯಿತು. ಜಿಎಸ್‌ಟಿ ಸೇರಿ 14 ಲಕ್ಷದ ಪೂರ್ತಿ ಮಾಡೆಲ್ ತೆಗೆದುಕೊಂಡಿದ್ದರೂ ಇದು ತಪ್ಪುತ್ತಿರಲಿಲ್ಲ. ಸಾಮಾನು ಯಾವುದು ಅಂತಲೇ ಗೊತ್ತಿಲ್ಲದಿದ್ದಾಗ ಏನನ್ನು ಮಾಡೆಲ್ ಮಾಡುತ್ತೀರಿ?

ಲೆಕ್ಕ

ಕಟ್ಟಡ ಮುಗಿದ ಮೇಲೆ ಕೂತು ಲೆಕ್ಕ ತೆಗೆದೆವು. ಮಾಡೆಲ್ ಮಾರುವವರು ಹಾಕುವ ಲೆಕ್ಕ, ಅಂದರೆ ಒಂದು ಕ್ಲ್ಯಾಶಿಗೆ ಇಷ್ಟು ಉಳಿತಾಯ, ಸಾವಿರ ಕ್ಲ್ಯಾಶಿಗೆ ಇಷ್ಟು ಅನ್ನೋದನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಬಹುಪಾಲು ಸೈಟಿನಲ್ಲಿ ಪ್ಲಂಬರೇ ಒಂದು ಎಲ್ಬೋ ಹಾಕಿ ಸರಿ ಮಾಡುವಂಥದ್ದು. ಹಾಗಾಗಿ ಕಂಟ್ರಾಕ್ಟರ್, ಸ್ಟ್ರಕ್ಚರಲ್ ಎಂಜಿನಿಯರ್, ನಾನು, ಮೂವರೂ "ಇದು ಖಂಡಿತ ಕಾಂಕ್ರೀಟ್ ತನಕ ಹೋಗುತ್ತಿತ್ತು" ಅಂತ ಒಪ್ಪಿದ್ದನ್ನು ಮಾತ್ರ ಹಿಡಿದೆವು. ತಪ್ಪಿದ ಕೋರ್ ಕಟಿಂಗ್, ಶಾಫ್ಟಿನ ಬದಲಾವಣೆ, ಒಡೆದು ಕಟ್ಟುವ ಕೆಲಸ ಎಲ್ಲ ಸೇರಿ 4 ಲಕ್ಷದ ಹತ್ತಿರ ಬಂತು.

ಖರ್ಚಿನ ಕಡೆ 5.9 ಲಕ್ಷ, ಜೊತೆಗೆ ಪ್ರಿಂಟು, ಕಂಪ್ಯೂಟರು, ಸೈಟ್ ಎಂಜಿನಿಯರ್ ಸಮಯ ಸೇರಿ 7 ಲಕ್ಷ. ಓಟಿಯನ್ನು ಬಿಟ್ಟು ನೋಡಿದರೆ ಈ ಮಾಡೆಲ್ ನಷ್ಟ. ಇದನ್ನು ಮುಚ್ಚಿಡಬಾರದು.

ಓಟಿ ಸೇರಿಸಿದರೆ ಚಿತ್ರ ಬದಲಾಗುತ್ತದೆ. ಎರಡನೇ ಮಹಡಿಯ ಮೇಲಿನ ಸ್ಲ್ಯಾಬ್ ಆದ ಮೇಲೆ ಅದು ಗೊತ್ತಾಗಿದ್ದರೆ ಒಂದೋ ಕೆಲಸ ನಿಲ್ಲಿಸಿ ಬಡ್ಡಿ ಕಟ್ಟುತ್ತಾ ಪ್ಲಾನ್ ಬದಲಿಸಬೇಕಿತ್ತು, ಇಲ್ಲ 2.5 ಮೀಟರ್ ಸೀಲಿಂಗಿನ ಓಟಿಯಲ್ಲಿ ಆಯುಷ್ಯವಿಡೀ ಆಪರೇಷನ್ ಮಾಡಬೇಕಿತ್ತು. ಎರಡನೆಯದಕ್ಕೆ ರೂಪಾಯಿ ಲೆಕ್ಕ ಹಾಕಲು ನಾನು ಹೋಗಲಿಲ್ಲ. ಇಡೀ ಮಾಡೆಲಿನ ಬೆಲೆಯನ್ನು ತೀರಿಸಿದ್ದು ಆ ಒಂದೇ ತೀರ್ಮಾನ. ಅದು ಸಿಕ್ಕಿದ್ದು ಕೆಲಸದ ಆರಂಭದಲ್ಲಿ, ಒರಟಾದ ಮಾಡೆಲಿನಲ್ಲಿ. ಬೀಮಿನ ಆಳ, ಡಕ್ಟಿನ ಅಳತೆ, ಮಹಡಿಯ ಎತ್ತರ, ಮೂರು ಅಂಕಿ ಒಂದೇ ಕಡೆ ಸೇರಿದ್ದಷ್ಟೇ.

ಹಾಗಾದರೆ ಒಂದು ಒಳ್ಳೆಯ ಸೆಕ್ಷನ್ ಡ್ರಾಯಿಂಗ್ (ಕಟ್ಟಡವನ್ನು ಮೇಲಿಂದ ಕೆಳಗೆ ಕತ್ತರಿಸಿದಂತೆ ತೋರಿಸುವ ಡ್ರಾಯಿಂಗ್) ಸಾಕಾಗುತ್ತಿತ್ತಲ್ಲ ಅಂತ ಕೇಳಬಹುದು. ಸಾಕಾಗುತ್ತಿತ್ತು. ಆದರೆ ಅದನ್ನು ಯಾರೂ ಬರೆಯುವುದಿಲ್ಲ. ಆರ್ಕಿಟೆಕ್ಟಿನ ಸೆಕ್ಷನ್ನಿನಲ್ಲಿ ಡಕ್ಟ್ ಇರುವುದಿಲ್ಲ, ಎಸಿಯವರ ಪ್ಲಾನಿನಲ್ಲಿ ಬೀಮ್ ಇರುವುದಿಲ್ಲ. ಎಲ್ಲರೂ ಬಂದು ಒಂದೇ ಹಾಳೆಯ ಮೇಲೆ ಕೂರುವಂತೆ ಮಾಡೆಲ್ ಒತ್ತಾಯ ಮಾಡಿತು.

ಮುಂದಿನ ಹಂತಕ್ಕೆ

ಅದೇ ಪಾಲುದಾರರು ಈಗ ಪಕ್ಕದಲ್ಲಿ ಸ್ಕ್ಯಾನಿಂಗ್ ಬ್ಲಾಕ್ ಕಟ್ಟಿಸಲು ಹೊರಟಿದ್ದಾರೆ. ಈ ಸಲದ ಕರಾರಿನಲ್ಲಿ ಹೊಸದಾಗಿ ಸೇರಿದ್ದು: ಮಾಡೆಲ್ ಶುರುವಾಗುವ ಮುಂಚೆ ಆಕ್ಸಿಜನ್, ಫೈರ್, ಸ್ಕ್ಯಾನಿಂಗ್ ಮಷಿನಿನವರು ಗೊತ್ತಾಗಿರಬೇಕು. ಪ್ರತಿ ಮಹಡಿ ಮುಗಿದ ಮೇಲೆ ಮಾಡೆಲ್ ತಿದ್ದಲು ಬೇರೆ ದರ ಇರಬೇಕು. ಸ್ಲೀವ್ ಹಾಳೆ ಕೊಡದಿದ್ದರೆ ಆ ಕಂತು ಇಲ್ಲ. ಅಳತೆ ಐಎಸ್ 1200ರಂತೆ ಮಾತ್ರ.

ಇನ್ನು ಎರಡು ಮಹಡಿಯ ಮನೆ, ಅಂಗಡಿ ಸಾಲು, ಕಲ್ಯಾಣ ಮಂಟಪ ಕಟ್ಟಿಸುವವರು ನನ್ನನ್ನು ಕೇಳಿದರೆ ನಾನು ಮಾಡೆಲ್ ಬೇಡ ಅಂತಲೇ ಹೇಳುತ್ತೇನೆ. ಅದರ ಬದಲು ಎಲ್ಲ ಕನ್ಸಲ್ಟಂಟರ ಕೆಲಸ ಒಟ್ಟಿಗೆ ಕಾಣುವ ಎರಡು ಸೆಕ್ಷನ್ ಬರೆಸಿ. ಒಂದು ಟಾಯ್ಲೆಟ್ ಶಾಫ್ಟ್ ಮೂಲಕ, ಇನ್ನೊಂದು ಅತಿ ಹೆಚ್ಚು ಪೈಪು ಮತ್ತು ಡಕ್ಟ್ ಹಾಯುವ ಜಾಗದ ಮೂಲಕ. ಆರ್ಕಿಟೆಕ್ಟಿಗೆ ಅದಕ್ಕೆ ಬೇರೆ ಫೀಸು ಕೊಡಿ, ಪುಕ್ಕಟೆ ಕೇಳಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗಿನವರು, ಎಸಿಯವರು ಮೂವರೂ ಅದರ ಮೇಲೆ ಸಹಿ ಹಾಕುವ ತನಕ ಪ್ಲಿಂತ್ ಬೀಮ್ ಕಾಂಕ್ರೀಟಿಗೆ ಒಪ್ಪಿಗೆ ಕೊಡಬೇಡಿ.